ಕಟ್ಟುಬಿಚ್ಚಿದ ಸಂದು

ಯಾಗಪ್ಪ ಮೊದಲ ಸಲ ಊರು ಬಿಟ್ಟು ಹೋದದ್ದು, ಹಣೆಗೆ ಬೂದಿ ಹಚ್ಚಿಸಿಕೊಂಡು ಕ್ರೈಸ್ತರ ಉಪವಾಸಕಾಲ ತೊಡಗುವ ಬೂದಿ ಬುಧವಾರದ ದಿನ. ಗುಂಡ್ಲಹಟ್ಟಿಯ ಶಿಲುಬೆ ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ಎಡಕ್ಕೆ ಕಾಣುವ ಎರಡು ಹೆಬ್ಬಂಡೆಗಳ ವಿಚಾರ ಯಾರನ್ನು ಕೇಳಿದರೂ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಎರಡು ಆನೆಗಳು ಮೈಗೆ ಮೈ ತಾಗಿಸಿ ನಿಂತ ಹಾಗಿವೆ ಆ ಬಂಡೆಗಳು. ನಡುವೆ ಒಬ್ಬ ಮನುಷ್ಯ ಅಡ್ಡಲಾಗಿ ನುಸುಳುವಷ್ಟು ಜಾಗ. ಒಳಗೆ ನಡುಹಗಲಿನಲ್ಲೂ ಮಬ್ಬು, ಬಾವಲಿಯ ವಾಸನೆ, ಕಾಲಿಟ್ಟರೆ ಜಾರುವ ಕಲ್ಲು. ಕಾಲುದಾರಿ ಬಂಡೆಗಳನ್ನು ಬಳಸಿಕೊಂಡು ಸಲೀಸಾಗಿಯೇ ಮೇಲಕ್ಕೆ ಹೋಗುತ್ತದೆ, ಯಾರೂ ಆ ಸಂದಿನೊಳಗೆ ಹೋಗಬೇಕಾಗಿಲ್ಲ. ಊರಿನವರು ಅದನ್ನು ಕಟ್ಟುಬಿಚ್ಚಿದ ಸಂದು ಎನ್ನುತ್ತಾರೆ. ಹೊಸಬರು ಹೆಸರು ಕೇಳಿ, ಇಲ್ಲಿ ದೆವ್ವ ಬಿಡಿಸುತ್ತಾರೇನೋ ಎಂದುಕೊಳ್ಳುವುದುಂಟು. ಅದಲ್ಲ.

ಹಿಂದೆ ಒಮ್ಮೆ, ಗುಂಡ್ಲಹಟ್ಟಿಯ ಯೇಸುಸ್ವಾಮಿಯ ಗುಡಿಗೆ ಇನ್ನೂ ಹುಲ್ಲಿನ ಮಾಡು ಇದ್ದ ಕಾಲದಲ್ಲಿ, ಮಕ್ಕಳಿಗೆ ಅಕ್ಷರವನ್ನೂ ಜಪವನ್ನೂ ಕಲಿಸುತ್ತಿದ್ದವನು ಊರಿನ ಉಪದೇಶಿ. ಆ ಬೂದಿ ಬುಧವಾರ ಅವನು ಗುಡಿ ತುಂಬಿದ ಜನರೆದುರು ಯಾಗಪ್ಪನನ್ನು ಎಬ್ಬಿಸಿ ವಿಶ್ವಾಸ ಪ್ರಮಾಣದ ಜಪ ಬಾಯಿಪಾಠ ಹೇಳಿಸಿದನಂತೆ. ಮೀಸೆ ಮೂಡದ ವಯಸ್ಸು. ಅರ್ಧಕ್ಕೆ ಬಂದು ನಾಲಿಗೆ ತಡವರಿಸಿತು, ಗುಡಿಯೆಲ್ಲ ಕಿಸಕ್ಕೆಂದಿತು. ಹಣೆಯ ಬೂದಿಯನ್ನೂ ಒರೆಸಿಕೊಳ್ಳದೆ ಹೊರಬಿದ್ದವನು ಮತ್ತೆ ಬಳಪ ಹಿಡಿಯಲಿಲ್ಲ. ಗಾಡಿ ಹೊಡೆದ, ಕಲ್ಲು ಒಡೆದ, ರೈಲು ಹಾದಿಗೆ ಜಲ್ಲಿ ಹೊತ್ತ, ಕಡಲ ದಂಡೆಯ ಮಾತೆಯ ಗುಡಿಯ ತನಕ ಬರಿಗಾಲಲ್ಲಿ ನಡೆದು ಬಂದ. ಎಲ್ಲಿಯೂ ಬೇರು ಬಿಡಲಿಲ್ಲ. ಯಾರ ಕಣ್ಣಿಗಾದರೂ ತಾನು ಚಿಕ್ಕವನಾಗಿ ಕಂಡೆ ಅನ್ನಿಸಿತೋ, ಅಂದೇ ಅಲ್ಲಿಂದ ಜಾಗ ಖಾಲಿ. ಕಾಲಿದೆಯಲ್ಲ, ನಡೆದರಾಯಿತು ಎನ್ನುವುದೊಂದೇ ಅವನಿಗೆ ಗೊತ್ತಿದ್ದ ಉಪಾಯ.

ವರ್ಷಕ್ಕೊಮ್ಮೆ, ಶುಭ ಶುಕ್ರವಾರಕ್ಕೆ ಮಾತ್ರ ತಪ್ಪದೆ ಬರುತ್ತಿದ್ದ. ಅಂದು ಊರೆಲ್ಲ ಗುಡ್ಡ ಹತ್ತುತ್ತ ಹದಿನಾಲ್ಕು ಸ್ಥಳಗಳಲ್ಲಿ ನಿಂತು ಯೇಸುಸ್ವಾಮಿಯ ಪಾಡುಗಳನ್ನು ನೆನೆಯುತ್ತದೆ. ಒಬ್ಬ ಶಿಲುಬೆಯೆಂದು ಮರದ ತೊಲೆ ಹೊತ್ತು ಮುಂದೆ ನಡೆಯಬೇಕು. ಐದನೆಯ ಸ್ಥಳದಲ್ಲಿ, ಅಂದು ಸ್ವಾಮಿಯ ಶಿಲುಬೆಗೆ ಕೈಹಾಕಿದ ಸಿಮೋನನ ನೆನಪಿಗೆ, ಇನ್ನೊಬ್ಬ ಬಂದು ಹೆಗಲು ಕೊಡಬೇಕು. ತೊಲೆ ಯಾಗಪ್ಪನದೇ ಎಂದು ಊರು ಒಪ್ಪಿಕೊಂಡುಬಿಟ್ಟಿತ್ತು. ವರ್ಷದಿಂದ ವರ್ಷಕ್ಕೆ ಅದರ ಭಾರವೂ ಏರಿತು: ಮೊದಲು ಹೊಂಗೆ, ಆಮೇಲೆ ಬೇವು, ಕೊನೆಗೆ ಜಾಲಿ. ಹೆಗಲು ಕೊಡಲು ಬಂದವನನ್ನು ಮೊಣಕೈಯಿಂದ ತಿವಿದು ತಳ್ಳುತ್ತಿದ್ದುದರಿಂದ ಸಿಮೋನನಾಗಲು ಯಾರೂ ಒಪ್ಪದೆ, ಆ ಪಾಳಿ ಲಾಸರಪ್ಪನ ಕೊರಳಿಗೆ ಬಿತ್ತು. ಲಾಸರಪ್ಪ ಈಚಲು ಹೆಂಡದ ಆಸಾಮಿ, ತಿವಿಸಿಕೊಂಡರೂ ಹಲ್ಲು ಕಿರಿದು ಹಿಂದೆ ಸರಿಯುತ್ತಿದ್ದ. "ಸ್ವಾಮಿಗೇ ಸಿಮೋನ ಬೇಕಾಗಿದ್ದ ಕಣಯ್ಯಾ, ನಿನಗೆ ಬೇಡವಾ?" ಎಂದು ಗುಡಿಯ ಗುರುಗಳು ಒಮ್ಮೆ ಕೇಳಿದ್ದಕ್ಕೆ ಯಾಗಪ್ಪ ನಕ್ಕು ತೊಲೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡನಂತೆ.

ಹೀಗಿರುವಾಗ ಒಂದು ವರ್ಷ ಅವನು ತೊಲೆಯನ್ನು ಹೆಗಲಿನ ಮೇಲೆ ಅಡ್ಡ ಇಡಿಸಿ, ತೋಳು ಚಾಚಿ, ಎರಡೂ ಮುಂಗೈಗಳನ್ನು ನಾರಿನ ಹಗ್ಗದಿಂದ ಬಿಗಿಸಿಕೊಂಡ. "ನಾನೇ ಬಿಚ್ಚಿಕೋಬೇಕು ಅಂದ್ರೂ ಆಗಬಾರದು, ಹಾಗೆ ಬಿಗೀರಿ" ಎಂದ. ಸಿಮೋನನ ಗೊಡವೆಯೇ ಬೇಡವೆಂದು ಮೆರವಣಿಗೆ ಹೊರಡುವ ಮೊದಲೇ ಒಬ್ಬನೇ ಹೊರಟ. ಜನ ತುದಿ ಮುಟ್ಟುವಾಗ ತಾನು ಅಲ್ಲಿ ತೋಳು ಚಾಚಿ ನಿಂತಿರಬೇಕು ಎನ್ನುವುದು ಅವನ ಆಸೆ. ಬಂಡೆಗಳ ಹತ್ತಿರ ಬಂದಾಗ, ಬಳಸು ದಾರಿ ಹೆಂಗಸರು ಮಕ್ಕಳಿಗೆ ಇರಲಿ ಎನ್ನಿಸಿ, ಮೈ ಅಡ್ಡ ಮಾಡಿ, ತೊಲೆಯ ಮೂತಿಯನ್ನು ಮುಂದೆ ತೂರಿಸಿ ಸಂದಿನೊಳಗೆ ನುಗ್ಗಿದ. ನಡುಮಧ್ಯಕ್ಕೆ ಬರುವಾಗ ಕಾಲಡಿಯ ಕಲ್ಲು ಜಾರಿತು. ಮೈ ಮೊಳದಷ್ಟು ಕೆಳಕ್ಕೆ ಕುಸಿಯಿತು. ತೊಲೆಯ ಮುಂದಿನ ತುದಿ ಮೇಲಿನ ಕಲ್ಲಿನ ಅಡಿಗೆ ಕಚ್ಚಿಕೊಂಡಿತು, ಹಿಂದಿನದು ಬಿರುಕಿಗೆ ಇಳಿಯಿತು. ಎದೆಗೆ ಒಂದು ಬಂಡೆ, ಬೆನ್ನಿಗೆ ಇನ್ನೊಂದು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಜಗ್ಗಿದಷ್ಟೂ ಹಗ್ಗ ಮುಂಗೈಯನ್ನು ಕಡಿಯಿತು. ಕಾಲಿತ್ತು, ನೆಲ ಸಿಗಲಿಲ್ಲ.

ಕೂಗಿದ್ದರೆ ಆಗ ಊರೇ ಓಡಿ ಬರುತ್ತಿತ್ತು. ಅವನು ಕೂಗಲಿಲ್ಲ. ಉಸಿರು ಪೂರ್ತಿ ಎಳೆದುಕೊಳ್ಳಲು ಎದೆಗೆ ಎಡೆಯಿರಲಿಲ್ಲ, ಬೆರಳುಗಳು ತನ್ನವಲ್ಲ ಎನ್ನುವ ಹಾಗೆ ಮರಗಟ್ಟಿದ್ದವು. ಆದರೂ ಮೆರವಣಿಗೆಯ ಹಾಡು ಕೆಳಗಿನಿಂದ ಹತ್ತಿರವಾಗುತ್ತ ಬಂದಾಗ ಅವನು ತುಟಿ ಕಚ್ಚಿಕೊಂಡು, ಕೆಮ್ಮನ್ನೂ ನುಂಗಿಕೊಂಡ. ಬಂಡೆಯ ಆಚೆಗೆ ಅವನದೇ ಜನ, "ಯಾಗಪ್ಪ ಆಗಲೇ ತುದಿ ಸೇರಿರ್ತಾನೆ ಬಿಡು" ಎಂದು ಮಾತಾಡಿಕೊಂಡು ದಾಟಿದರು. "ದೇವರೇ, ಯಾರೂ ನೋಡದ ಹಾಗೆ ಬಿಡಿಸು" ಎಂದು ಬೇಡಿದ. ಬೇಡುತ್ತಿದ್ದ ಹಾಗೆ ತನ್ನ ಮಾತು ತನಗೇ ಕೇಳಿಸಿತು. ಬಿಡಿಸು ಎನ್ನುವುದಕ್ಕಿಂತ ಯಾರೂ ನೋಡಬಾರದು ಎನ್ನುವುದೇ ಅದರಲ್ಲಿ ದೊಡ್ಡದಾಗಿತ್ತು. ಇಷ್ಟು ವರ್ಷ ಹೊತ್ತ ತೊಲೆಯೆಲ್ಲ ನೋಡುವವರಿಗಾಗಿ ಹೊತ್ತದ್ದು. ದೇವರು ನೋಡುತ್ತಾನೋ ಇಲ್ಲವೋ ಎಂದು ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಈಗ ತಿರುಗೋಣವೆಂದರೆ ಕತ್ತೂ ಹೊರಳದು. ಹಾಡು ಮೇಲಕ್ಕೆ ಸರಿದು ಸಣ್ಣದಾಯಿತು. ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುವ ಲಾಸರಪ್ಪನ ಏದುಸಿರು ಮಾತ್ರ ಉಳಿದಿತ್ತು. ಅದೂ ದಾಟಿದರೆ ಆಮೇಲೆ ಕೂಗಿದರೂ ಕೇಳುವವರಿಲ್ಲ.

"ಲಾಸರಣ್ಣಾ..."

"ಯಾರಪ್ಪಾ ಅದು, ಬಂಡೆಯೊಳಗಿಂದ?"

"ನಾನು. ಯಾಗಪ್ಪ."

"ಅಯ್ಯೋ ಮಹರಾಯ! ನೀನು ಮೇಲೆ ಪ್ರಾಣ ಬಿಡಬೇಕಾದ ಹೊತ್ತು ಇದು, ಇಲ್ಲೇನು ಮಾಡ್ತಿದ್ದೀಯ?"

ಲಾಸರಪ್ಪ ಆಚೆ ಬಾಯಿಂದ ತೆವಳಿಕೊಂಡು ಒಳಗೆ ಬಂದು, ಮುಖಕ್ಕೆ ಮುಖ ತಾಗುವ ಹಾಗೆ ನಿಂತ. "ಹಗ್ಗ ಮುಟ್ಟಬೇಡಣ್ಣ, ತೊಲೆ ಸಮೇತ ಎಳೆದುಬಿಡು. ಯಾರಿಗೂ ತಿಳಿಯೋದು ಬೇಡ" ಎಂದ ಯಾಗಪ್ಪ. ಲಾಸರಪ್ಪ ತೊಲೆಯನ್ನು ಎರಡು ಸಲ ಅಲ್ಲಾಡಿಸಿ ನೋಡಿ, "ತೊಲೆ ಬೇಕೋ ನೀನು ಬೇಕೋ, ಒಂದು ಹೇಳು. ಎರಡೂ ನನ್ನ ಕೈಲಾಗಲ್ಲ" ಎಂದ. ಯಾಗಪ್ಪ ಇನ್ನೊಮ್ಮೆ ಹಗ್ಗ ಜಗ್ಗಿ ನೋಡಿದ.

"ಬಿಚ್ಚಣ್ಣ" ಎಂದ ಕೊನೆಗೆ.

ಗಂಟು ರಕ್ತದಲ್ಲಿ ನೆನೆದು ಬಿಗಿದಿತ್ತು. ಲಾಸರಪ್ಪ ಹಲ್ಲು ಹಾಕಿದ. "ಹೆಂಡದ ವಾಸನೆ ಬಂದ್ರೆ ಮುಖ ಆ ಕಡೆ ತಿರುಗಿಸ್ಕೋ."

"ತಿರುಗಿಸೋಕಾಗಲ್ಲ ಕಣಣ್ಣ."

"ಹಂಗಾದ್ರೆ ಕುಡಿ, ಬಿಟ್ಟಿ" ಎಂದು ಲಾಸರಪ್ಪ ನಕ್ಕ. ಮುಂದಿನ ಕೈ ಬಿಡಿಸಿ, ಬಂಡೆ ಬಳಸಿ ಹಿಂದಿನ ಬಾಯಿಂದ ನುಸುಳಿ ಇನ್ನೊಂದನ್ನೂ ಬಿಡಿಸಿ, ತೊಲೆಯನ್ನು ಅಲ್ಲೇ ಬಿಟ್ಟು ಯಾಗಪ್ಪನನ್ನು ಹೊರಕ್ಕೆ ಎಳೆದುಕೊಂಡ.

ತುದಿಯಲ್ಲಿ ಜನ ಆಗಲೇ ಗುಲ್ಲೆಬ್ಬಿಸಿದ್ದರು. ಹೊರಟವನು ಕಾಣದಾದ, ದೇವದೂತರು ಎತ್ತಿಕೊಂಡು ಹೋದರು ಎಂದು ಕೆಲವರು ಮೊಣಕಾಲೂರಿದ್ದರು. ಕುಡುಕನ ಹೆಗಲಿಗೆ ಜೋತುಬಿದ್ದು, ಬರಿಗೈಯಲ್ಲಿ ಬಂದವನನ್ನು ಕಂಡು ಗುರುಗಳು, "ಶಿಲುಬೆ ಎಲ್ಲಪ್ಪಾ?" ಎಂದರು. ಸುಮ್ಮನೆ ಆಕಾಶ ತೋರಿಸಿದ್ದರೂ ಸಾಕಾಗಿತ್ತು, ಊರು ಅವನನ್ನು ಸಂತನೆಂದೇ ನಂಬುತ್ತಿತ್ತು. "ಸಂದಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಸ್ವಾಮಿ. ನೀವು ದಾಟುವಾಗ ಕೇಳಿಸ್ತಿತ್ತು, ನಾಚಿಕೆಗೆ ಕೂಗಲಿಲ್ಲ. ಲಾಸರಣ್ಣ ಹಲ್ಲಲ್ಲಿ ಕಚ್ಚಿ ಬಿಚ್ಚಿದ" ಎಂದ. ಯಾರೋ ಕಿಸಕ್ಕೆಂದರು, ಆಮೇಲೆ ಗುಡ್ಡದ ತುದಿಯೇ ನಕ್ಕಿತು. ಯಾಗಪ್ಪ ಅಲ್ಲೇ ನಿಂತಿದ್ದ. ನಕ್ಕು ಮುಗಿಯುವ ತನಕ ನಿಂತಿದ್ದ.

ಆ ಜಾಗಕ್ಕೆ ಯಾಗಪ್ಪನ ತಪಸ್ಸಿನ ಗವಿ ಎಂದು ಹೆಸರಿಡಲು ಹೊರಟವರನ್ನು ತಡೆದು, ಈಗಿನ ಹೆಸರು ಕೊಟ್ಟವನು ಅವನೇ ಎನ್ನುತ್ತಾರೆ. ಐದನೆಯ ಸ್ಥಳವನ್ನು ಈಗ ಸಂದಿನ ಬಾಯಲ್ಲೇ ನಡೆಸುತ್ತಾರೆ. ತೊಲೆ ಹೊತ್ತವನ ಮುಂಗೈಗೆ ನಾರು ಸುತ್ತಿರುತ್ತಾರೆ, ಮೆರವಣಿಗೆಯಲ್ಲಿ ಎಲ್ಲರಿಗಿಂತ ಹಿಂದೆ ಬಂದವರು, ಅವರು ಯಾರೇ ಆಗಲಿ, ಮುಂದೆ ಬಂದು ಬಿಚ್ಚಬೇಕು. ಅಲ್ಲಿಗೆ ಹೋದವರಿಗೆ ಬಂಡೆಯ ಬುಡದಲ್ಲಿ ಹಳೆಯ ನಾರಿನ ತುಣುಕುಗಳ ರಾಶಿ ಕಾಣುತ್ತದೆ. ಒಳಗೆ ಇಣುಕಿದರೆ ತಲೆಯ ಮಟ್ಟದಲ್ಲಿ ಕಲ್ಲಿಗೆ ಕಚ್ಚಿಕೊಂಡ ಒಂದು ಕಪ್ಪು ಮರದ ತುಂಡೂ ಇದೆ. ಅದೇ ತೊಲೆ ಎನ್ನುವವರಿದ್ದಾರೆ, ಆಮೇಲೆ ಯಾರೋ ಸಿಕ್ಕಿಸಿದ್ದು ಎನ್ನುವವರೂ ಇದ್ದಾರೆ.

ಯಾಗಪ್ಪನಂತೂ ಊರಲ್ಲಿ ನಿಲ್ಲಲಿಲ್ಲ. ಈಸ್ಟರ್ ಕಳೆದ ಮಾರನೆಯ ಬೆಳಿಗ್ಗೆ ಕಂಬಳಿ, ತಂಬಿಗೆ, ಎರಡು ಪಂಚೆ ಸೇರಿಸಿ ಗಂಟು ಕಟ್ಟಿದ. ಮುಂಗೈಯ ಬಾವು ಇಳಿದಿರಲಿಲ್ಲ, ಗಂಟನ್ನು ಎತ್ತಿ ತಲೆಗಿಟ್ಟುಕೊಳ್ಳಲು ಕೈಯಲ್ಲಿ ಬಲವಿರಲಿಲ್ಲ. ಬೀದಿಯ ನಡುವೆ ಗಂಟಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಯಾರಾದರೂ ಬನ್ರಪ್ಪಾ, ಇದನ್ನ ಸ್ವಲ್ಪ ತಲೆಗೆ ಎತ್ತಿಕೊಡಿ" ಎಂದು ಕೂಗಿ, ತಲೆ ತಗ್ಗಿಸಿಕೊಂಡು ಕಾದ.