ಬಳಪದ ಕಲ್ಲಿನ ಅಚ್ಚು

ನದಿ ಕಡಲಿಗೆ ಸೇರುವ ಅಳಿವೆಯ ದಂಡೆಯಲ್ಲಿ ಜಟ್ಟಪ್ಪ ಎಂಬ ಮುದುಕನಿದ್ದ. ಮೀನಿನ ಗಾಳಗಳಿಗೆ ಸೀಸದ ತಲೆ ಎರಕ ಹೊಯ್ಯುವುದು ಅವನ ಕಸುಬು.

ಸೀಸದ ತಲೆಯಿದ್ದ ಗಾಳ ಹರಿವಿಗೆ ಸಿಕ್ಕಿ ತೇಲಿಹೋಗುವುದಿಲ್ಲ, ನೇರ ತಳಕ್ಕಿಳಿಯುತ್ತದೆ. ದಾರ ಜಗ್ಗಿದರೆ ಜೀವವಿದ್ದಂತೆ ಕುಪ್ಪಳಿಸುತ್ತದೆ. ದೊಡ್ಡ ಮೀನು ಅದನ್ನು ನಂಬಿ ಬರುತ್ತದೆ.

ಶೇವಂತಿ ಅವನ ಬಳಿ ಕೆಲಸ ಕಲಿಯಲು ಬಂದು ಮೂರು ಮಳೆಗಾಲ ಕಳೆದಿತ್ತು. ಮೊದಲು ಮಂಜುಗಡ್ಡೆ ಕಾರ್ಖಾನೆಯಲ್ಲಿದ್ದವಳು. ಅಲ್ಲಿ ಕೈ ಮರಗಟ್ಟುತ್ತಿತ್ತು, ಇಲ್ಲಿ ಚುರುಕೆನ್ನುತ್ತದೆ, ಇದೇ ವಾಸಿ ಎನ್ನುತ್ತಿದ್ದಳು. ಜಟ್ಟಪ್ಪ ಅವಳಿಗೆ ಗುರು. ಕರೆಯುವುದು ಮಾತ್ರ ಅಜ್ಜ ಎಂದು.

ಅವರಿಗಿದ್ದದ್ದು ಒಂದೇ ಅಚ್ಚು. ಅಂಗೈಯಗಲದ ಎರಡು ಬಳಪದ ಕಲ್ಲಿನ ಹೋಳು. ಅವುಗಳ ನಡುವೆ ಗಾಳದ ಕುತ್ತಿಗೆ ಮಲಗಲು ಒಂದು ಗೀರು, ಸೀಸ ಇಳಿಯಲು ಒಂದು ಪುಟ್ಟ ಗುಳಿ. ಜಟ್ಟಪ್ಪನ ಗುರು ತಮ್ಮ ಕೈಯಾರೆ ಕೆತ್ತಿದ್ದು.

ಆ ವರ್ಷ ಪೇಟೆಗೆ ಹೊಸ ನಮೂನೆಯ ಗಾಳ ಬಂತು. ಹಳೆಯದು ಸಿಗುವುದು ನಿಂತೇ ಹೋಯಿತು. ಹೊಸದರ ತಂತಿ ದಪ್ಪ, ಕುತ್ತಿಗೆ ಬಾಗಿದ ಜಾಗವೂ ಬೇರೆ. ಅಚ್ಚಿನಲ್ಲಿಟ್ಟರೆ ಹೋಳುಗಳು ಮುಚ್ಚಿಕೊಳ್ಳಲೊಲ್ಲವು.

ಜಟ್ಟಪ್ಪ ತಂಗಿಯ ಊರಿಗೆ ಹೊರಟು ನಿಂತಿದ್ದ. ನಲವತ್ತು ಗಾಳಕ್ಕೆ ದೋಣಿಯವರು ಹೇಳಿಟ್ಟಿದ್ದರು. ಏನು ಮಾಡಲಿ ಎಂದು ಶೇವಂತಿ ಕೇಳಿದಳು.

"ಹೊಂದಿಸಿಕೋ" ಎಂದು ಅಜ್ಜ ಚೀಲ ಹೆಗಲಿಗೇರಿಸಿದ.

ಗೀರು ಅಗಲಿಸಲು ಅವಳು ಅರ ಹಿಡಿದು ಅಚ್ಚಿನ ಮುಂದೆ ಕುಳಿತಳು. ಹತ್ತಾರು ವರ್ಷ ಕೈಯಾಡಿ ನುಣುಪಾದ ಕಲ್ಲು. ಅರ ತಾಗಿಸಲು ಕೈ ಬರಲಿಲ್ಲ. ಎದ್ದು ನೀರು ಕುಡಿದು ಬಂದಳು. ಆಗಲೂ ಬರಲಿಲ್ಲ.

ಕೊನೆಗೆ ಅರ ಕೆಳಗಿಟ್ಟು ಇಕ್ಕಳ ಎತ್ತಿಕೊಂಡಳು. ಒಂದೊಂದೇ ಗಾಳವನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ತೆಳ್ಳಗಾಗಿಸಿ, ಅಚ್ಚಿನ ಗೀರಿಗೆ ಸರಿಯಾಗಿ ಬಾಗಿಸಿದಳು. ನಲವತ್ತೂ ಅಚ್ಚಿನಲ್ಲಿ ಕುಳಿತವು. ನಲವತ್ತಕ್ಕೂ ಸೀಸದ ತಲೆ ದುಂಡಗೆ ಬಂತು. ಶೇವಂತಿಗೆ ತನ್ನ ಜಾಣತನದ ಮೇಲೆ ಪ್ರೀತಿ ಬಂತು. ಒಂದೆರಡು ಬಿಟ್ಟು ಉಳಿದದ್ದನ್ನು ಅಂದೇ ಹಂಚಿಬಿಟ್ಟಳು.

ಮೂರನೆಯ ದಿನ ಹೊನ್ನಮ್ಮ ಬಂದಳು. ಆ ದಂಡೆಯಲ್ಲಿ ಒಬ್ಬಳೇ ದೋಣಿ ಹಾಕಿಕೊಂಡು ಗಾಳಕ್ಕೆ ಹೋಗುವ ಹೆಂಗಸು ಅವಳೊಬ್ಬಳೇ. ಶೇವಂತಿಯ ಅಂಗೈಯಲ್ಲಿ ಒಂದು ಗಾಳ ಇಟ್ಟಳು. ಅದರ ಕೊಕ್ಕೆ ಬಿಚ್ಚಿಕೊಂಡು ಸೂಜಿಯಂತೆ ನೆಟ್ಟಗಾಗಿತ್ತು.

ತೋಳುದ್ದದ ಕೆಂಬೇರಿ ಮೀನು ಕಚ್ಚಿತ್ತಂತೆ. ದೋಣಿಯ ಅಂಚಿನ ತನಕ ಬಂದಿತ್ತಂತೆ. ಅದರ ಕಣ್ಣನ್ನೂ ನೋಡಿದೆ ಎಂದಳು ಹೊನ್ನಮ್ಮ.

"ಗಾಳವೇ ಸರಿಯಿಲ್ಲವೇನೇ?"

"ಪೇಟೆಯ ಮಾಲು. ಏನು ಹೇಳುವುದಕ್ಕಾಗುತ್ತದೆ ಅಕ್ಕ" ಎಂದಳು ಶೇವಂತಿ.

ಹೊನ್ನಮ್ಮ ತಲೆಯಾಡಿಸಿ ಹೋದಳು. ಆ ದಿನ ಶೇವಂತಿಗೆ ಊಟ ಸೇರಲಿಲ್ಲ.

ಮರುದಿನ ಜಟ್ಟಪ್ಪ ಬಂದ. ಹೊನ್ನಮ್ಮ ತಂದ ಗಾಳ ತೋರಿಸಿ, ಹೊಸ ಗಾಳ ಗಟ್ಟಿಯಿಲ್ಲ ಎಂದು ಶೇವಂತಿ ಅವನಿಗೂ ಹೇಳಿದಳು. ಅವನು ಪೇಟೆಯ ಪೊಟ್ಟಣದಿಂದ ಇನ್ನೂ ಬಳಸದ ಗಾಳವೊಂದನ್ನು ತೆಗೆದು ಮಾಡಿನ ಅಡ್ಡತೊಲೆಗೆ ಸಿಕ್ಕಿಸಿದ. ಅದಕ್ಕೆ ಹಗ್ಗ ಕಟ್ಟಿ ತಾನೇ ಜೋತುಬಿದ್ದ. ಗಾಳ ಜಗ್ಗಲಿಲ್ಲ.

ಆಮೇಲೆ ಹಂಚಿ ಉಳಿದಿದ್ದ ಒಂದನ್ನು ಸಿಕ್ಕಿಸಿ ಜೋತುಬಿದ್ದ. ಕೊಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು. ಅಜ್ಜ ದೊಪ್ಪನೆ ನೆಲಕ್ಕೆ ಕುಳಿತ.

ಕುಳಿತಲ್ಲಿಂದಲೇ ಅವಳನ್ನು ನೋಡಿದ.

"ಕಾಯಿಸಿ ಬಾಗಿಸಿದೆ ಅಜ್ಜ" ಎಂದಳು ಶೇವಂತಿ. "ಅಚ್ಚಿಗೆ ಅರ ಹಾಕಲು ಕೈ ಬರಲಿಲ್ಲ. ನಿಮ್ಮ ಗುರುಗಳದ್ದು."

"ಕೆಂಪಗೆ ಕಾಯಿಸಿದರೆ ಉಕ್ಕಿನ ಬಿಗಿ ಹೋಗುತ್ತದೆ. ಹೊನ್ನಮ್ಮನಿಗೆ ಏನೆಂದೆ?"

ಅದನ್ನೂ ಹೇಳಿದಳು.

"ಹಾಗಾದರೆ ಮೊದಲು ಅಲ್ಲಿಗೆ ಹೋಗಿ ಬಾ. ಅಚ್ಚು ಎಲ್ಲಿಗೂ ಓಡುವುದಿಲ್ಲ."

ಹೊನ್ನಮ್ಮ ಅಂಗಳದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಕೇಳಿದಳು. ಕೆಂಬೇರಿ ಹೋದದ್ದು ಹೋಯಿತು, ಇನ್ನೊಮ್ಮೆ ಅಂದಿನದು ಅಂದೇ ಹೇಳು ಎಂದಳು. ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಶೇವಂತಿ ಅಲ್ಲಿಂದ ದೋಣಿ ದೋಣಿಗೆ ಹೋಗಿ, ಕೆಟ್ಟದ್ದು ಗಾಳವಲ್ಲ, ಕೆಡಿಸಿದವಳು ತಾನು ಎಂದು ಹೇಳಿ ಎಲ್ಲವನ್ನೂ ವಾಪಸು ಇಸಿದುಕೊಂಡಳು. ಕೆಲವರು ಗೊಣಗಿದರು. ಒಬ್ಬ ನಕ್ಕ. ತಿರುಗಿ ಬರುವಾಗ ಮೈ ಹಗುರವಾಗಿತ್ತು.

ಜಟ್ಟಪ್ಪ ಅಚ್ಚನ್ನು ಬಿಸಿಲಿಗೆ ಹಿಡಿದು ಕುಳಿತಿದ್ದ. ಹತ್ತಿರ ಕರೆದು ಗೀರಿನೊಳಗೆ ನೋಡು ಎಂದ.

ಅಲ್ಲಿ ಗೀರೊಳಗೊಂದು ಗೀರು ಇತ್ತು. ಮೂರು ವರ್ಷ ದಿನವೂ ಮುಟ್ಟಿದ ಕಲ್ಲು, ಅವಳು ಕಂಡೇ ಇರಲಿಲ್ಲ.

"ಇದು ನನ್ನ ಗುರು ಕೆರೆದದ್ದು. ಆಗ ಕಬ್ಬಿಣದ ಗಾಳ. ಇದು ನಾನು ಉಕ್ಕಿನ ಗಾಳಕ್ಕೆ ಕೆರೆದದ್ದು. ಈ ಸೊಟ್ಟ ಗೀರು ಇದೆಯಲ್ಲ, ಅದೂ ನಂದೇ. ಕೈ ತಪ್ಪಿತ್ತು."

"ಗುರುಗಳು ಬೈದರೇ?"

"ಅವರೇ ಅರ ಕೈಗಿಟ್ಟದ್ದು" ಎಂದು ಅಜ್ಜ ಅವಳ ಕೈಗೆ ಅರ ಇಟ್ಟ.

ಆಮೇಲೆ ಹೇಗೆಂದು ತೋರಿಸಿದ. ಚಿಮಣಿ ದೀಪ ಹಚ್ಚಿ ಅದರ ಹೊಗೆಗೆ ಕಲ್ಲು ಹಿಡಿಯಬೇಕು. ಒಳಗೆಲ್ಲ ಮಸಿ ಕೂರುತ್ತದೆ. ಹೊಸ ಗಾಳ ಇಟ್ಟು, ಮುಚ್ಚಿ, ಒತ್ತಿ, ತೆರೆಯಬೇಕು. ಎಲ್ಲಿ ಮಸಿ ಅಳಿಸಿ ಬಿಳಿಯಾಗಿದೆಯೋ ಅಲ್ಲಿ ಮಾತ್ರ ಗಾಳಕ್ಕೆ ಇಕ್ಕಟ್ಟು. ಅಲ್ಲಿ ಮಾತ್ರ ಅರ.

ಶೇವಂತಿ ಉಸಿರು ಬಿಗಿಹಿಡಿದು ಮೊದಲ ಸಲ ಕೆರೆದಳು. ಬಿಳಿ ಹುಡಿ ಉದುರಿತು. ಮತ್ತೆ ಮಸಿ, ಮತ್ತೆ ಗಾಳ. ನಾಲ್ಕನೆಯ ಸಲ ಒಂದು ಗೆರೆ ಹೆಚ್ಚಾಯಿತು. ಅವಳು ಹೆದರಿ ತಲೆ ಎತ್ತಿದರೆ ಅಜ್ಜ ಬೆನ್ನು ಮಾಡಿ ಸೀಸ ಕರಗಿಸುತ್ತಿದ್ದ. ಏಳನೆಯ ಸಲ ಹೋಳುಗಳು ಸದ್ದಿಲ್ಲದೆ ಮುಚ್ಚಿಕೊಂಡವು.

ಕಲ್ಲನ್ನು ಒಲೆಯ ಪಕ್ಕ ಬೆಚ್ಚಗಾಗಲು ಇಟ್ಟಳು. ಹೊಳೆಯ ಮೇಲಿಂದ ತಂಗಾಳಿ ಬರುತ್ತಿತ್ತು. ಹಸಿವಾಗಿದೆ ಎಂದು ಆಗ ಗೊತ್ತಾಯಿತು. ಆದರೂ ಏಳಲು ಮನಸ್ಸಾಗಲಿಲ್ಲ.

ಬೆಚ್ಚಗಾದ ಅಚ್ಚಿಗೆ ಗಾಳವಿಟ್ಟು ಮುಚ್ಚಿ ಹಿಡಿದಳು. ಅಜ್ಜ ಸೌಟು ಅವಳತ್ತ ಚಾಚಿದ.

"ಅಜ್ಜ, ನಾಳೆ ಇನ್ನೊಂದು ನಮೂನೆ ಗಾಳ ಬರುತ್ತದೆ. ನನ್ನ ನಂತರ ಬಂದವರೂ ಕೆರೆಯುತ್ತಾರೆ. ಹೀಗೆ ಎಲ್ಲರೂ ಕೆರೆಯುತ್ತ ಹೋದರೆ ಕೊನೆಗೆ ಇದರಲ್ಲಿ ಉಳಿಯುವುದೇನು?"

"ಜಾಗ" ಎಂದ ಜಟ್ಟಪ್ಪ. "ಹೊಯ್ಯಿ, ಸೀಸ ಆರುತ್ತಿದೆ."