ಮೂರನೇ ಚೀಲದ ಹಾಪ್ಸ್

ಬಿಯರ್ ಕುದಿಸುವವರನ್ನೂ ಗುರು ಅನ್ನುವುದುಂಟೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ. ನದಿ ದಂಡೆಯ ಬೆಳ್ಯಪ್ಪನವರ ಹತ್ತಿರ ಕಲಿತವರು ಯಾರೂ ಹಾಗೆ ಮಾಡುವುದಿಲ್ಲ.

ಅವರ ಶಿಷ್ಯೆ ದೇಚಮ್ಮ. ಒಂದು ವರ್ಷ ಹಂಡೆ ತೊಳೆದಳು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮಾಲ್ಟ್ ಅರೆದಳು. ಹಾಪ್ಸ್ ಹಾಕುವುದು ಮಾತ್ರ ಗುರುಗಳದೇ ಕೆಲಸವಾಗಿತ್ತು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಣಹೂವು ಅದು. ಅದನ್ನು ಹಾಕುವ ಹೊತ್ತಿಗೆ ಅವಳು ಹೊರಗೆ ಹಂಡೆ ತಿಕ್ಕುತ್ತಿರುತ್ತಿದ್ದಳು.

ಕೊನೆಗೊಂದು ದಿನ ಅವರು, ಇನ್ನು ಒಂದು ಹಂಡೆ ಪೂರ್ತಿ ನೀನೇ ಮಾಡು, ಚೆನ್ನಾಗಿ ಬಂದರೆ ಮುಂದೆಯೂ ನಿನ್ನದೇ ಅಂದರು.

ಆರು ತಳಿಯ ಹಾಪ್ಸ್ ಆರು ಚೀಲಗಳಲ್ಲಿ ಇದ್ದವು. ದೇಚಮ್ಮ ಒಂದೊಂದನ್ನೂ ಅಂಗೈಯಲ್ಲಿ ಉಜ್ಜಿ ಮೂಸಿದಳು. ಮೂರನೆಯದು ಕಿತ್ತಳೆ ಸುಲಿದ ಹಾಗೆ ಘಮ್ಮೆಂದಿತು. ಅದನ್ನೇ ಆರಿಸಿ, ಮಾಲ್ಟಿನ ರಸ ಕುದಿ ಬಂದ ಕೂಡಲೇ ಅಳತೆಯಷ್ಟನ್ನೂ ಸುರಿದಳು.

ಮೂರು ವಾರ ಕಾದು ರುಚಿ ನೋಡಿದರೆ ಬರೀ ಕಹಿ. ಕಿತ್ತಳೆಯ ಸುಳಿವೇ ಇಲ್ಲ.

ತಳಿ ಆರಿಸಿದ್ದೇ ತಪ್ಪಾಯಿತು ಎಂದುಕೊಂಡು, ಗುರುಗಳನ್ನು ಕೇಳಿಕೊಂಡು ಇನ್ನೊಂದು ಹಂಡೆಗೆ ಐದನೇ ಚೀಲ ಬಿಚ್ಚಿದಳು. ಅದೂ ಅಷ್ಟೇ. ಪಾಪ, ಅಳುವೇ ಬಂತು ಅವಳಿಗೆ. ಈ ಮೂಗಿಗೆ ಈ ವಿದ್ಯೆ ದಕ್ಕುವುದಿಲ್ಲ, ಊರಿಗೆ ಹೋಗುತ್ತೇನೆ ಎಂದು ಗುರುಗಳ ಮುಂದೆ ನಿಂತಳು.

ಬೆಳ್ಯಪ್ಪನವರು ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಒಲೆ ಹಚ್ಚು ಅಂದರು.

ಹೊಸ ರಸ ಕುದಿ ಬಂತು. ಅವರು ಅದೇ ಮೂರನೇ ಚೀಲದಿಂದ ಅಳತೆ ತೆಗೆದು, ಅರ್ಧವನ್ನು ಹಂಡೆಗೆ ಹಾಕಿ, ಅರ್ಧವನ್ನು ತಟ್ಟೆಯಲ್ಲಿಟ್ಟುಕೊಂಡು ಕೂತರು. ಒಂದು ಗಂಟೆ ಹಂಡೆ ಕುದಿಯಿತು. ಆಮೇಲೆ ಬೆಂಕಿ ಆರಿಸಿ, ತಟ್ಟೆಯಲ್ಲಿದ್ದುದನ್ನೂ ಹಾಕಿ, ಮುಚ್ಚಳ ಮುಚ್ಚಿದರು.

ಸ್ವಲ್ಪ ಹೊತ್ತಾದ ಮೇಲೆ ತೆಗೆದು ನೋಡು ಅಂದರು. ದೇಚಮ್ಮ ಮುಚ್ಚಳ ಎತ್ತಿದಳು. ಮನೆಯೆಲ್ಲ ಕಿತ್ತಳೆಯ ಪರಿಮಳ. ಅವಳು ಹಂಡೆಯ ಮೇಲೆ ಬಗ್ಗಿದವಳು ಏಳಲೇ ಇಲ್ಲ.

"ಹಾಗಾದರೆ ನಾನು ಆರಿಸಿದ್ದು ಸರಿಯಾಗಿಯೇ ಇತ್ತಾ, ಗುರುಗಳೇ?"

"ಸರಿಯಾಗಿಯೇ ಇತ್ತು."

"ಮತ್ತೆ ತಪ್ಪಿದ್ದೆಲ್ಲಿ?"

"ಇದ್ದದ್ದನ್ನೆಲ್ಲ ನೀನು ಮೊದಲ ಕುದಿಗೇ ಕೊಟ್ಟುಬಿಟ್ಟೆ. ಕುದಿದಷ್ಟೂ ಕಹಿ ಉಳಿಯುತ್ತೆ, ಪರಿಮಳ ಹಾರಿಹೋಗುತ್ತೆ."

ದೇಚಮ್ಮ ಖಾಲಿ ತಟ್ಟೆಯ ಕಡೆ ನೋಡಿದಳು.

"ನನ್ನ ಕಥೆಯೂ ಹಾಗೇ ಆಗಿದೆ ಗುರುಗಳೇ. ಇದ್ದ ಹುಮ್ಮಸ್ಸೆಲ್ಲ ಆ ಎರಡು ಹಂಡೆಗೇ ಹೋಯಿತು. ಇನ್ನು ಏನೂ ಉಳಿದಿಲ್ಲ."

ಬೆಳ್ಯಪ್ಪನವರು ಅವಳನ್ನೊಮ್ಮೆ ನೋಡಿದರು.

"ಉಳಿದಿಲ್ಲ ಅನ್ನುವವಳು ಇನ್ನೂ ಮುಚ್ಚಳ ಹಿಡಿದುಕೊಂಡೇ ನಿಂತಿದ್ದೀಯಲ್ಲ ಮಗಳೇ. ಮುಚ್ಚು, ಪರಿಮಳ ಹೋಗುತ್ತೆ."