ಮುಳ್ಳಿನ ಜೊತೆ ಬಂದ ರಾಗಿ

ಹಿತ್ತಲ ತಿಪ್ಪೆ ಕೋಳಿಗಳ ರಾಜ್ಯ, ಬೇಲಿಯಾಚೆಯ ಪೊದೆ ಮುಳ್ಳುಹಂದಿಗಳ ರಾಜ್ಯ ಆಗಿದ್ದಾಗಿನ ಮಾತು ಕೇಳ್ರಪ್ಪ. ಆ ವರ್ಷ ಕೋಳಿಗಳಿಗೆ ಕಾಳಿಲ್ಲ. ಮುಳ್ಳುಹಂದಿಗಳ ರಾಯಭಾರಿ ಒಂದು ಮೂಟೆ ರಾಗಿ ಎಳೆದುಕೊಂಡು ಮಾತುಕತೆಗೆ ಬಂದ. ಕೋಳಿಗಳ ಪರವಾಗಿ ಕೂತವಳು ಮರಿಗಳ ತಾಯಿ ಕೆಂಪಿ.

“ಕೆಂಪಮ್ಮ, ಈ ರಾಗಿ ಬರೀ ನೆರವು, ಇದಕ್ಕೆ ಬೆಲೆಯಿಲ್ಲ. ಜೊತೆಗೆ ನಮ್ಮ ಮುಳ್ಳನ್ನೂ ಕೊಳ್ಳಬೇಕು, ಅಷ್ಟೆ. ಅದಕ್ಕೆ ಅರ್ಧ ತಿಪ್ಪೆ ಕೊಡಿ. ಹದ್ದಿನ ಭಯ ತಪ್ಪುತ್ತದೆ,” ಎಂದ.

ಕೆಂಪಿ ಕತ್ತು ಓರೆ ಮಾಡಿ ನೋಡಿದಳು. “ಹೌದೇ ಭಾವ? ಬಳೆಯನ್ನೂ ತೊಟ್ಟು ನೋಡಿಯೇ ಕೊಳ್ಳೋದು. ಎಲ್ಲಿ, ಕೊಡು ನೋಡೋಣ.”

ರೆಕ್ಕೆಯ ತುಂಬ ಮುಳ್ಳು ಸಿಕ್ಕಿಸಿಕೊಂಡಳು. ಅಷ್ಟರಲ್ಲೇ ಹದ್ದು ಎರಗಿತು, ಮುಳ್ಳು ಕಂಡು ಹೌಹಾರಿ ಮೇಲೇರಿತು.

“ನೋಡಿದೆಯಾ!” ಎಂದು ರಾಯಭಾರಿ ಬೀಗಿದ.

ಕೆಂಪಿ ನೋಡುತ್ತಿದ್ದದ್ದು ಮರಿಗಳನ್ನು. ರೆಕ್ಕೆಯಡಿ ನುಗ್ಗಲು ಬಂದ ಮರಿಗಳು ಮುಳ್ಳು ಚುಚ್ಚಿಸಿಕೊಂಡು, ಬಯಲಲ್ಲೇ ನಡುಗುತ್ತ ನಿಂತಿದ್ದವು. ಹದ್ದು ಅವನ್ನು ಕಂಡು ಮತ್ತೆ ತಿರುಗಿತು. ಕೆಂಪಿ ಮೈ ಕೊಡವಿ ಮುಳ್ಳನ್ನೆಲ್ಲ ಉದುರಿಸಿ, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ರಾಗಿಮೂಟೆಯ ಮರೆಗೆ ಸರಿದಳು. ಹದ್ದು ಏನೂ ಸಿಗದೆ ಹೋಯಿತು.

“ಒಳ್ಳೇ ಮುಳ್ಳನ್ನು ಚೆಲ್ಲಿಬಿಟ್ಟೆಯಲ್ಲಮ್ಮ! ಹದ್ದು ಹೆದರಿದ್ದು ಸುಳ್ಳೇ?”

“ಸುಳ್ಳಲ್ಲ ಭಾವ. ನನ್ನ ಮರಿಗಳೂ ಹೆದರಿದವು.”

“ಹಾಗಾದರೆ ರಾಗಿಯೂ ಬೇಡವೇ?”

“ಮುಳ್ಳು ಬಿಟ್ಟು ಕೊಡ್ತೀಯಾ?”

ರಾಯಭಾರಿ ಮೂಟೆ ಎಳೆದುಕೊಂಡು ಹೊರಟ. ಕೆಂಪಿ ಮರಿಗಳನ್ನು ಕೂಗಿ ಕರೆದು, ಆ ಬದಿಯಿಂದ ಈ ಬದಿಯವರೆಗೂ ತಿಪ್ಪೆ ಕೆದಕತೊಡಗಿದಳು.